ತೋಟದ ನಾಯಿಗೆ ಬ್ರೆಡ್: ಎಷ್ಟು, ಯಾವುದು, ಹೇಗೆ

ಹಾಲು-ಬ್ರೆಡ್ ರೂಢಿಯಾದ ನಾಯಿ ಗಂಜಿಗೆ ಬಾಯಿ ಹಾಕುವುದಿಲ್ಲ ಎಂದು ತೀರ್ಥಹಳ್ಳಿ ಸುತ್ತಮುತ್ತ ನಾಯಿ ಸಾಕಿದ ಯಾರನ್ನು ಕೇಳಿದರೂ ಹೇಳುತ್ತಿದ್ದರು. "ಎರಡು ದಿನ ನೋಡಿ ಮಾರಾಯ್ರೆ, ಮೂರನೇ ದಿನ ನೀವೇ ಬೇಕರಿಗೆ ಹೋಗ್ತೀರಿ" ಅಂದವರೂ ಇದ್ದರು. ಹಾಲು-ಬ್ರೆಡ್ ಬಿಡಿಸಿ ಗಂಜಿಗೆ ಹಚ್ಚಿ ಈಗ 14 ತಿಂಗಳಾಯಿತು. ತೋಟದ 4 ನಾಯಿಗೆ ದಿನಕ್ಕೆ ತಲಾ ಒಂದು ಸ್ಲೈಸ್, ಬಸ್ ನಿಲ್ಲುವ ಸರ್ಕಲ್ಲಿನ 7 ಊರುನಾಯಿಗೆ ತಲಾ ಅರ್ಧ ಸ್ಲೈಸ್, ಅದೂ ಪುಡಿ ಮಾಡಿ. ಉಳಿದದ್ದೆಲ್ಲ ನುಚ್ಚಕ್ಕಿ ಗಂಜಿ, ಕೋಳಿ, ಮೊಟ್ಟೆ. ಹನ್ನೊಂದೂ ತಟ್ಟೆ ನೆಕ್ಕಿ ಏಳುತ್ತವೆ.

ಬ್ರೆಡ್ ವಿಷವೇನಲ್ಲ. ಮನುಷ್ಯರ ಜೊತೆ ಸಾವಿರಾರು ವರ್ಷ ಬದುಕಿದ ನಾಯಿಯ ಹೊಟ್ಟೆ ಪಿಷ್ಟ ಅರಗಿಸಿಕೊಳ್ಳುತ್ತದೆ, ತೋಳಕ್ಕಿಂತ ಚೆನ್ನಾಗಿಯೇ. ಸಾದಾ ಬ್ರೆಡ್ಡು, ಬೆಣ್ಣೆ-ಜಾಮ್ ಇಲ್ಲದ್ದು, ಮಿತವಾಗಿ ತಿಂದರೆ ಆರೋಗ್ಯವಂತ ನಾಯಿಗೆ ಏನೂ ಆಗುವುದಿಲ್ಲ. ಕೆಡುವುದು ಲೆಕ್ಕದಲ್ಲಿ. ಒಂದು ಸ್ಲೈಸ್ 25-28 ಗ್ರಾಂ ತೂಗುತ್ತದೆ, ಹೆಚ್ಚುಕಡಿಮೆ 70 ಕ್ಯಾಲರಿ. ನಮ್ಮ ಊರುನಾಯಿ 15 ಕೆಜಿಯದ್ದಾದರೆ ದಿನಕ್ಕೆ ಬೇಕಾಗುವುದು 850 ಕ್ಯಾಲರಿ ಆಸುಪಾಸು. ತಿಂಡಿತೀರ್ಥ ಅಂತ ಕೊಡುವುದೆಲ್ಲ ಸೇರಿ ಅದರ ಹತ್ತರಲ್ಲಿ ಒಂದು ಪಾಲು ಮೀರಬಾರದು. ಅಲ್ಲಿಗೆ ಒಂದು ಸ್ಲೈಸ್. 6-7 ಕೆಜಿಯ ಪೊಮೇರಿಯನ್‌ಗೆ ಅರ್ಧ. ಮರಿಗಳಿಗೆ ನಾನು ಬ್ರೆಡ್ ಕೊಡುವುದೇ ಇಲ್ಲ. ಬೆಳೆಯುವ ಎಲುಬಿಗೆ ಬೇಕಾದ ಸುಣ್ಣವೂ (ಕ್ಯಾಲ್ಸಿಯಂ) ಮಾಂಸಸತ್ವವೂ (ಪ್ರೋಟೀನ್) ಅದರಲ್ಲಿ ಸಾಕಷ್ಟಿಲ್ಲ, ಬ್ರೆಡ್ಡಲ್ಲೇ ಹೊಟ್ಟೆ ತುಂಬಿದ ಮರಿ ಬೇರೆ ಊಟ ಬಿಡುತ್ತದೆ, ಆಮೇಲೆ ಕಾಲು ಸೊಟ್ಟಗಾಗುತ್ತದೆ.

ಹಾಲು-ಬ್ರೆಡ್ಡಿನಲ್ಲಿ ಬೈಗುಳ ತಿನ್ನುವುದು ಬ್ರೆಡ್, ತಪ್ಪು ಹೆಚ್ಚಾಗಿ ಹಾಲಿನದ್ದು. ಬೆಳೆದ ನಾಯಿಗಳಲ್ಲಿ ಬಹಳಷ್ಟಕ್ಕೆ ಹಾಲಿನ ಸಕ್ಕರೆ ಅರಗುವುದಿಲ್ಲ. ಪರೀಕ್ಷೆ ಸುಲಭ. ಬ್ರೆಡ್ ಅಷ್ಟೇ ಇಟ್ಟು ಹಾಲಿನ ಬದಲು ನೀರುಮಜ್ಜಿಗೆ ಹಾಕಿ ನಾಲ್ಕು ದಿನ ನೋಡಿ. ನಮ್ಮ ಹನ್ನೊಂದರಲ್ಲಿ ಆರರ ಭೇದಿ ಅಷ್ಟಕ್ಕೇ ನಿಂತಿತ್ತು. ಮೈ ಕೆರೆತ ಬೇರೆ ವಿಷಯ. ಗೋಧಿ ಆಗದ ನಾಯಿಗಳೂ ಇವೆ, ಆದರೆ ಕೆರೆಯುವ ನಾಯಿಗೆ ಮೊದಲು ನೋಡಬೇಕಾದದ್ದು ಉಣುಗು ಮತ್ತು ಚಿಗಟ. ಅದು ಹೋದಮೇಲೂ ಕೆರೆದರೆ ಎಂಟು ವಾರ ಗೋಧಿ ಪೂರ್ತಿ ನಿಲ್ಲಿಸಬೇಕು. ಎರಡು ವಾರಕ್ಕೆ ಏನೂ ತಿಳಿಯುವುದಿಲ್ಲ.

ಬೇಕರಿ ಗಾಜಿನ ಹಿಂದಿರುವ ಎಲ್ಲವೂ ಬ್ರೆಡ್ ಅಲ್ಲ ಎನ್ನುವುದನ್ನು ಮನೆಯ ಮಕ್ಕಳಿಗೂ ತೋಟದ ಆಳುಗಳಿಗೂ ಕೂರಿಸಿ ಹೇಳಬೇಕು. ಖಾರಾ ಬನ್ ಬಹಳ ಕೆಟ್ಟದ್ದು, ಅದರ ತುಂಬ ಈರುಳ್ಳಿ. ಈರುಳ್ಳಿ, ಬೆಳ್ಳುಳ್ಳಿ ಎರಡೂ ನಾಯಿಯ ಕೆಂಪು ರಕ್ತಕಣ ಒಡೆಯುತ್ತವೆ, ಬೇಯಿಸಿದರೂ ಒಣಗಿಸಿದರೂ ಗುಣ ಹೋಗುವುದಿಲ್ಲ. ಲಕ್ಷಣ ಅದೇ ದಿನ ಕಾಣುವುದಿಲ್ಲ, ಕೆಲವು ದಿನ ಬಿಟ್ಟು ಒಸಡು ಬಿಳಿಚಿಕೊಂಡು ಮೂತ್ರ ಕೆಂಪಗಾಗುತ್ತದೆ. ಅಷ್ಟರಲ್ಲಿ ಖಾರಾ ಬನ್ ಹಾಕಿದ್ದು ಯಾರಿಗೂ ನೆನಪಿರುವುದಿಲ್ಲ. ಗಾರ್ಲಿಕ್ ಬ್ರೆಡ್ಡಿಗೂ ಇದೇ ಮಾತು. ಹಣ್ಣಿನ ಬನ್ನಿನಲ್ಲಿರುವುದು ಸಾಮಾನ್ಯವಾಗಿ ಟೂಟಿ ಫ್ರೂಟಿ, ಅಂದರೆ ಸಕ್ಕರೆ ಪಾಕದ ಪಪ್ಪಾಯಿ. ಅದು ಬರೀ ಸಿಹಿ. ಆದರೆ ಕೆಲವು ಬೇಕರಿಯವರು ಒಣದ್ರಾಕ್ಷಿಯನ್ನೂ ಹಾಕುತ್ತಾರೆ. ದ್ರಾಕ್ಷಿ, ಒಣದ್ರಾಕ್ಷಿ ನಾಯಿಯ ಮೂತ್ರಪಿಂಡ ಕೆಡಿಸುತ್ತವೆ. ಯಾವ ನಾಯಿಗೆ ಎಷ್ಟರಲ್ಲಿ ಕೆಡುತ್ತದೆ ಎಂದು ಮುಂಚೆ ಹೇಳಲಾಗದ ಕಾರಣ ಒಂದು ಕಾಳೂ ಬೇಡ. ಶುಗರ್‌ಫ್ರೀ ಬ್ರೆಡ್ ಇದ್ದರೆ ಪ್ಯಾಕಿನ ಹಿಂದೆ ಕ್ಸೈಲಿಟಾಲ್ (ಸಕ್ಕರೆಯ ಬದಲು ಹಾಕುವ ಸಿಹಿ) ಅಥವಾ 967 ಎಂಬ ಸಂಖ್ಯೆ ಇದೆಯೇ ನೋಡಿ. ಇದ್ದರೆ ನಾಯಿ ಇರುವ ಮನೆಯ ನೆಲಮಟ್ಟದಲ್ಲಿ ಅದನ್ನು ಇಡಲೇಬಾರದು. ರಕ್ತದ ಸಕ್ಕರೆ ಅರ್ಧ ಗಂಟೆಯಲ್ಲೇ ಕುಸಿಯಬಹುದು. ಪಫ್ಸು, ದಿಲ್‌ಪಸಂದ್, ಬೆಣ್ಣೆ ಬಿಸ್ಕತ್ತು ಕೊಬ್ಬಿನ ಲೆಕ್ಕದಲ್ಲಿ ಹೊರಗೆ. ಕಂದು ಬ್ರೆಡ್ ಒಳ್ಳೆಯದು ಎಂದು ಹೆಚ್ಚು ದುಡ್ಡು ಕೊಡಬೇಡಿ, ಎಷ್ಟೋ ಕಡೆ ಅದು ಮೈದಾಕ್ಕೆ ಬಣ್ಣ ಬೆರೆಸಿದ್ದು.

ಈಸ್ಟ್ ಹಾಕಿ ಕಲಸಿದ ಹಸಿ ಹಿಟ್ಟಿನ ಅಪಾಯವೂ ದೊಡ್ಡದೇ, ನಮ್ಮಲ್ಲಿ ಅದರ ಭಯವೇ ಇಲ್ಲ. ಹೊಟ್ಟೆಯ ಬಿಸಿಗೆ ಹಿಟ್ಟು ಉಬ್ಬುತ್ತಲೇ ಹೋಗುತ್ತದೆ, ಹುಳಿಯುವಾಗ ಮದ್ಯಸಾರ ಹುಟ್ಟಿ ರಕ್ತಕ್ಕೆ ಸೇರುತ್ತದೆ. ಹೊಟ್ಟೆ ಬಿಗಿದು, ವಾಂತಿಗೆ ಪ್ರಯತ್ನಿಸಿದರೂ ಏನೂ ಬಾರದೆ, ನಡೆಯುವಾಗ ತೂರಾಡಿದರೆ ಅರಿಶಿನ, ಉಪ್ಪುನೀರು ಅಂತ ಮನೆಮದ್ದಿಗೆ ಕೂರಬೇಡಿ. ಉಪ್ಪುನೀರು ಕುಡಿಸಿ ವಾಂತಿ ಮಾಡಿಸುವುದು ಇನ್ನೊಂದು ವಿಷ. ಹತ್ತಿರದ ಪಶುವೈದ್ಯರಿಗೆ ಫೋನ್ ಮಾಡುತ್ತಲೇ ಗಾಡಿ ಹತ್ತಿಸಿ. ತೀರ್ಥಹಳ್ಳಿಯಿಂದ ಶಿವಮೊಗ್ಗಕ್ಕೆ 60 ಕಿಲೋಮೀಟರ್, ಮಳೆಯಲ್ಲಿ ಒಂದೂವರೆ ಗಂಟೆ ಮೀರುತ್ತದೆ, ಆ ಸಮಯವನ್ನೂ ಲೆಕ್ಕಕ್ಕೆ ಹಿಡಿಯಬೇಕು. ಮನೆಯಲ್ಲಿ ಬನ್ನು, ಪಿಜ್ಜಾ ಮಾಡುವವರು ಹಿಟ್ಟಿನ ಪಾತ್ರೆಯನ್ನು ಒಲೆಯ ಪಕ್ಕ ನೆಲದ ಮೇಲೆ ಇಡಬಾರದು.

ಇನ್ನು ಬೂಷ್ಟು. ಬಯಲುಸೀಮೆಯವರಿಗೆ ಇದರ ಕಷ್ಟ ತಿಳಿಯುವುದಿಲ್ಲ. ಜೂನ್ ಎರಡನೇ ವಾರದಿಂದ ಸೆಪ್ಟೆಂಬರ್ ತನಕ ಇಲ್ಲಿ ಬ್ರೆಡ್ ಪ್ಯಾಕು ಒಡೆದ ಎರಡನೇ ದಿನಕ್ಕೆ ಹಸಿರು ಚುಕ್ಕೆ. ಚುಕ್ಕೆ ಕಂಡಷ್ಟು ಚಿವುಟಿ ಬಿಸಾಕಿ ಉಳಿದದ್ದನ್ನು ನಾಯಿಗೆ ಹಾಕುವುದು ಮಲೆನಾಡಿನ ಮನೆಮನೆಯ ಅಭ್ಯಾಸ, ನಾನೂ ವರ್ಷಗಟ್ಟಲೆ ಅದನ್ನೇ ಮಾಡಿದ್ದೆ. ಬೂಷ್ಟಿನ ನೂಲು ಕಣ್ಣಿಗೆ ಕಾಣುವ ಚುಕ್ಕೆಗಿಂತ ಬಹಳ ದೂರ ಹರಡಿರುತ್ತದೆ. ಕೆಲವು ಜಾತಿಯ ಬೂಷ್ಟು ಹುಟ್ಟಿಸುವ ನಂಜು ನಾಯಿಯ ನರಕ್ಕೆ ಹೊಡೆಯುತ್ತದೆ, ತಿಂದ ಕೆಲವೇ ಗಂಟೆಯಲ್ಲಿ ಮೈನಡುಕ, ಆಮೇಲೆ ಫಿಟ್ಸ್. ಗೊಬ್ಬರಗುಂಡಿಗೆ ಎಸೆದ ಒಂದು ಪ್ಯಾಕು ಬ್ರೆಡ್ ನಮಗೆ ಒಂದು ರಾತ್ರಿಯ ಡ್ರಿಪ್ಪಿಗೂ ಸುಮಾರು 3000 ರೂಪಾಯಿಗೂ ಬಂತು. ನಾಯಿ ಉಳಿಯಿತು. ಅಂದಿನಿಂದ ಕೆಟ್ಟ ಬ್ರೆಡ್ ಗುಂಡಿಗೂ ಇಲ್ಲ, ದನಕ್ಕೂ ಇಲ್ಲ, ನೇರ ಒಲೆಗೆ.

ಒಣಗಿಸಿಡುವುದೊಂದೇ ದಾರಿ. ಇದರಲ್ಲಿ ಮೂರು ಸಲ ಸೋತೆ. ಮೊದಲು ಅಡಿಕೆ ಡ್ರೈಯರಿನಲ್ಲಿ ಇಟ್ಟೆ: ಬ್ರೆಡ್ ಚೆನ್ನಾಗಿ ಒಣಗಿತು, ಹೊಗೆಯ ವಾಸನೆಗೆ ಒಂದೂ ನಾಯಿ ಮೂಸಲಿಲ್ಲ. ಆಮೇಲೆ ಬಾಣಲೆಯಲ್ಲಿ ಹುರಿದೆ: ಹೊರಗೆ ಕೆಂಪು, ಒಳಗೆ ಹಸಿ, ಡಬ್ಬಿಯಲ್ಲಿ ಐದನೇ ದಿನಕ್ಕೆ ಬೂಷ್ಟು. ಮೂರನೆಯದು ಫ್ರಿಜ್ಜು, ಆದರೆ ಮಳೆಗಾಲದಲ್ಲಿ ದಿನಕ್ಕೆ ಎಂಟು ಗಂಟೆ ಕರೆಂಟ್ ಇಲ್ಲದ ಕಡೆ ಅದನ್ನು ನಂಬುವ ಹಾಗಿಲ್ಲ. ಕೈಹಿಡಿದದ್ದು ಬಚ್ಚಲೊಲೆ. ಸ್ನಾನ ಮುಗಿದು ಉರಿ ಆರಿದಮೇಲೆ ಹಂಡೆಯ ಮುಚ್ಚಳ ತೆಗೆದು ಒರೆಸಿ, ಒಲೆಕಟ್ಟೆಯ ಮೇಲೆ ತಂತಿ ಜಾಲರಿ ಇಟ್ಟು, ಸ್ಲೈಸನ್ನು ನಾಲ್ಕು ಪಟ್ಟಿಯಾಗಿ ಕತ್ತರಿಸಿ ಒಂದಕ್ಕೊಂದು ತಾಗದ ಹಾಗೆ ಹರಡುವುದು. ಹಂಡೆಯಲ್ಲಿ ನೀರು ಇರಬಾರದು, ಇದ್ದರೆ ಅದರ ಹಬೆಯೇ ಬ್ರೆಡ್ಡಿಗೆ ಸೇರುತ್ತದೆ. ಬೆಳಿಗ್ಗೆ ಒಂದು ಸಲ ಮಗುಚಿ, ಸಂಜೆಯ ಬಿಸಿಗೆ ಇನ್ನೊಂದು ಸಲ. ಮುರಿದರೆ ಹಪ್ಪಳದ ಹಾಗೆ ಚಟ್ ಅನ್ನಬೇಕು, ಬಾಗಿದರೆ ಇನ್ನೊಂದು ದಿನ. ಪೂರ್ತಿ ತಣಿದ ಮೇಲೆ ಪುಡಿ ಮಾಡಿ ಸ್ಟೀಲ್ ಡಬ್ಬಿಗೆ. ಬಿಸಿ ಇರುವಾಗ ಮುಚ್ಚಳ ಹಾಕಿದರೆ ಒಳಗೆ ಬೆವರುತ್ತದೆ, ಅಷ್ಟೂ ಕೆಲಸ ದಂಡ. ಹೀಗೆ ಇಟ್ಟದ್ದು ಮಳೆಗಾಲದಲ್ಲಿ 10-12 ದಿನ, ಬೇಸಿಗೆಯಲ್ಲಿ ಒಂದು ತಿಂಗಳು ತಡೆಯುತ್ತದೆ.

ಈಗ ಗಂಜಿ. ಹನ್ನೊಂದು ನಾಯಿಗೆ, ಅಂದರೆ ಏಳೂವರೆ ಪೂರ್ತಿ ಪಾಲಿಗೆ (ಸರ್ಕಲ್ಲಿನವು ಬೇರೆ ಕಡೆಯೂ ತಿನ್ನುತ್ತವೆ, ಅವಕ್ಕೆ ಅರ್ಧ ಪಾಲು): ನುಚ್ಚಕ್ಕಿ 1 ಕೆಜಿ, ಕೋಳಿ ಅಂಗಡಿಯ ಬೆನ್ನು-ಕುತ್ತಿಗೆ-ಚರ್ಮ ಒಂದೂವರೆ ಕೆಜಿ, ಮೊಟ್ಟೆ 7, ಸಿಹಿಗುಂಬಳ ಅರ್ಧ ಕೆಜಿ. ಉಪ್ಪಿಲ್ಲ, ಒಗ್ಗರಣೆಯಿಲ್ಲ. ನುಚ್ಚಿಗೆ ನಾಲ್ಕೂವರೆ ಪಟ್ಟು ನೀರು, ಮುದ್ದೆಯಾಗುವಷ್ಟು ಬೇಯಬೇಕು. ನಮಗೆ ಬಡಿಸುವ ಹದಕ್ಕೆ ಇಳಿಸಿದರೆ ಕಾಳು ಕಾಳಾಗಿ ಮಲದಲ್ಲಿ ಹೊರಬರುತ್ತದೆ. ಕೋಳಿಯನ್ನು ಬೇರೆ ಬೇಯಿಸಿ ಮೂಳೆ ಬಿಡಿಸಲೇಬೇಕು, ಬೆಂದ ಮೂಳೆ ಚೂಪಾಗಿ ಸೀಳಿ ಕರುಳು ಹರಿಯುತ್ತದೆ. ಕುತ್ತಿಗೆಯ ಸಣ್ಣ ಮೂಳೆ ಬಿಡಿಸಲು ಅರ್ಧ ಗಂಟೆ ಹಿಡಿಯುತ್ತದೆ, ಇದಕ್ಕೆ ಅಡ್ಡದಾರಿ ಹುಡುಕಬೇಡಿ. ಚರ್ಮ ಅರ್ಧ ಮಾತ್ರ. ಪೂರ್ತಿ ಹಾಕಿದ ವಾರ ಎರಡು ನಾಯಿ ಜಿಡ್ಡು ವಾಂತಿ ಮಾಡಿದ್ದವು. ಲಿವರ್ ವಾರಕ್ಕೊಮ್ಮೆ ಸಾಕು.

ಮೊಟ್ಟೆ ಚಿಪ್ಪನ್ನು ಎಸೆಯಬೇಡಿ. ಹತ್ತು ನಿಮಿಷ ಕುದಿಸಿ, ಒಣಗಿಸಿ, ಮಿಕ್ಸಿಯಲ್ಲಿ ಮೈದಾದಷ್ಟು ನುಣ್ಣಗೆ. ಪೂರ್ತಿ ಪಾಲಿಗೆ ಅರ್ಧ ಟೀ ಚಮಚ, ಅದರಲ್ಲಿ ಸುಮಾರು ಒಂದು ಗ್ರಾಂ ಕ್ಯಾಲ್ಸಿಯಂ. ಇದಿಲ್ಲದಿದ್ದರೆ ಅಕ್ಕಿ-ಕೋಳಿಯ ಊಟಕ್ಕೂ ಬ್ರೆಡ್ಡಿಗೂ ಒಂದೇ ಕೊರತೆ. ಜಾಸ್ತಿ ಹಾಕಿದರೆ ಮಲ ಬೆಳ್ಳಗೆ, ಸುಣ್ಣದ ಹೆಂಟೆಯ ಹಾಗೆ ಆಗಿ ನಾಯಿ ಮುಕ್ಕರಿಯುತ್ತದೆ. ಮೊದಲ ತಿಂಗಳು ನನ್ನದು ಹಾಗೇ ಆಗಿತ್ತು, ಊಟದ ಚಮಚದಲ್ಲಿ ಅಳೆದಿದ್ದೆ.

ಬದಲಾಯಿಸುವಾಗ ಎಲ್ಲರೂ ಎಡವುವುದು ಒಂದೇ ಕಡೆ, ಒಂದೇ ದಿನಕ್ಕೆ ಬದಲಾಯಿಸಲು ಹೋಗುವುದು. ನಾನೂ ಹೋಗಿದ್ದೆ. ನಾಲ್ಕು ಕೆಜಿ ಗಂಜಿ ಕಾಗೆಗೆ ಹೋಯಿತು. ಎರಡನೇ ಸಲ ಬ್ರೆಡ್ಡನ್ನು ಗಂಜಿಯೊಳಗೆ ಕಲಸಿದೆ. ಅವು ನಾಲಿಗೆಯಲ್ಲೇ ಬ್ರೆಡ್ ಆರಿಸಿಕೊಂಡು ಉಳಿದದ್ದು ಬಿಟ್ಟವು. ಮೂರನೇ ಸಲ ಕಲಸಲಿಲ್ಲ, ಒಣಪುಡಿಯನ್ನು ಮೇಲೆ ಉದುರಿಸಿದೆ. ಪುಡಿ ಗಂಜಿಗೆ ಅಂಟಿಕೊಳ್ಳುತ್ತದೆ, ಆರಿಸಲು ಬರುವುದಿಲ್ಲ, ಘಮ ಮಾತ್ರ ಮೂಗಿಗೆ ಬ್ರೆಡ್ಡಿನದ್ದೇ. ಮೊದಲ ಮೂರು ದಿನ ಕಾಲು ಪಾಲು ಗಂಜಿ, ಮುಂದಿನ ನಾಲ್ಕು ದಿನ ಅರ್ಧ, ಆಮೇಲೆ ಮೂರು ದಿನ ಮುಕ್ಕಾಲು, ಹನ್ನೊಂದನೇ ದಿನದಿಂದ ಪೂರ್ತಿ. ಮಲ ಸಡಿಲವಾದರೆ ಹಿಂದಿನ ಹಂತಕ್ಕೆ ಎರಡು ದಿನ ಇಳಿಯಬೇಕು. ಗಂಜಿ ಬೆರಳು ತಡೆಯುವಷ್ಟು ಬಿಸಿ ಇರಬೇಕು, ತಣ್ಣಗಿದ್ದರೆ ಘಮ ಏಳುವುದಿಲ್ಲ. ಪುಡಿಗೆ ಇನ್ನೊಂದು ವಸ್ತು ಸೇರಿಸುತ್ತೇನೆ, ಚಿಟಿಕೆಯಷ್ಟು. ಉಪ್ಪಲ್ಲ, ಸಕ್ಕರೆಯಲ್ಲ, ಅಪಾಯದ್ದೂ ಅಲ್ಲ. ಅದು ಸದ್ಯಕ್ಕೆ ನನ್ನ ಹತ್ತಿರವೇ ಇರಲಿ, ಅದಿಲ್ಲದೆಯೂ ಕೆಲಸ ಆಗುತ್ತದೆ, ಎರಡು ದಿನ ತಡವಾಗಬಹುದು.

ದುಡ್ಡಿನ ಮಾತು. ಮುಂಚೆ ಬೇಕರಿಯ ಹಿಂದಿನ ದಿನದ ಬ್ರೆಡ್ 400 ಗ್ರಾಮಿನ 5 ಪ್ಯಾಕು, ಅರ್ಧ ಬೆಲೆಗೆ ತಲಾ 22ರಂತೆ 110 ರೂಪಾಯಿ. ಹಾಲು ಎರಡು ಲೀಟರ್, 90ರ ಮೇಲೆ. ದಿನಕ್ಕೆ 200 ಅಂತಿಟ್ಟುಕೊಳ್ಳಿ. ಈಗ ನುಚ್ಚು 30, ಕೋಳಿ 60-65, ಮೊಟ್ಟೆ 50ರ ಒಳಗೆ, ಕುಂಬಳ 10, ಅರ್ಧ ಪ್ಯಾಕು ಬ್ರೆಡ್ 11. ಒಟ್ಟು 165 ಹತ್ತಿರ. ಸೌದೆ ತೋಟದ್ದು, ಲೆಕ್ಕಕ್ಕಿಲ್ಲ. ತಿಂಗಳಿಗೆ ಸಾವಿರದಷ್ಟು ಉಳಿಯಿತು, ಭೇದಿಯ ಔಷಧಿಗೆ ಹೋಗುತ್ತಿದ್ದ 600-700 ಬೇರೆ. ಅಡಿಕೆ ತೂಗುವ ತಕ್ಕಡಿಯಲ್ಲಿ ತೂಗಿದರೆ ತೋಟದ ದೊಡ್ಡ ಗಂಡು 21 ಕೆಜಿಯಿಂದ 18ಕ್ಕೆ ಇಳಿದಿದೆ, ಕೈಯಾಡಿಸಿದರೆ ಪಕ್ಕೆಲುಬು ಸಿಗುತ್ತದೆ, ರಾತ್ರಿ ಕಾಡುಹಂದಿ ಬಂದರೆ ಬೇಲಿಯ ತನಕ ಓಡುತ್ತದೆ. ಬ್ರೆಡ್ ತಿನ್ನುವಾಗ ಜಗಲಿಯಿಂದಲೇ ಬೊಗಳುತ್ತಿತ್ತು.

ನಡುವೆ ಮಾಡಿದ ಬೇರೆ ಪ್ರಯೋಗಗಳೂ ಇವೆ. ಹಲಸಿನ ಬೀಜ ಬೇಯಿಸಿ ಸಿಪ್ಪೆ ತೆಗೆದು ಅರೆದು ನುಚ್ಚಿನ ಕಾಲು ಭಾಗಕ್ಕೆ ಬದಲಾಗಿ ಹಾಕಿದೆ. ತಿಂದವು, ಆದರೆ ಜಗಲಿಯಲ್ಲಿ ಕೂರಲಾಗದಷ್ಟು ಗಾಳಿ. ಹತ್ತರಲ್ಲಿ ಒಂದು ಭಾಗಕ್ಕೆ ಇಳಿಸಿದಮೇಲೆ ಸರಿಹೋಯಿತು. ಒಣಮೀನು ಬೇಡ, ಎರಡು ಸಲ ತೊಳೆದರೂ ಉಪ್ಪು ಹೋಗುವುದಿಲ್ಲ. ಹಸಿ ಭೂತಾಯಿ ಮೀನು ಬೇಯಿಸಿ ಹಾಕಿದರೆ ಕೂದಲು ಮಿಂಚುತ್ತದೆ, ಆದರೆ ಜೂನ್-ಜುಲೈ ಕರಾವಳಿಯಲ್ಲಿ ಮೀನುಗಾರಿಕೆ ನಿಷೇಧ, ಆಗ ಬೆಲೆ ಕೈಗೆಟುಕುವುದಿಲ್ಲ. ಅಡಿಕೆ ಹಾಳೆ ತಟ್ಟೆಯಲ್ಲಿ ಬಡಿಸಿದ್ದೂ ಕೆಟ್ಟಿತು. ಕೋಳಿ ರಸ ಕುಡಿದ ಹಾಳೆಯನ್ನೇ ಅಗಿದು ನುಂಗಿದವು. ಈಗ ಹಳೇ ಅಲ್ಯೂಮಿನಿಯಂ ತಟ್ಟೆ, ನಾಯಿಗೊಂದರಂತೆ, ಎರಡು ಮಾರು ದೂರದೂರ.

ಬ್ರೆಡ್ಡನ್ನು ಹಸಿಯಾಗಿ ಬಳಸುವುದು ಮಾತ್ರೆಗೆ ಮಾತ್ರ. ಉಣುಗಿನ ಜ್ವರಕ್ಕೆ ವೈದ್ಯರು ಕೊಡುವ ಡಾಕ್ಸಿಸೈಕ್ಲಿನ್ ಒಣಗಂಟಲಲ್ಲಿ ಸಿಕ್ಕಿಕೊಂಡರೆ ಅನ್ನನಾಳ ಹುಣ್ಣಾಗುತ್ತದೆ. ಹಾಲಿನ ಜೊತೆ, ಚಿಪ್ಪುಪುಡಿಯ ಗಂಜಿಯ ಜೊತೆ ಕೊಟ್ಟರೆ ಕ್ಯಾಲ್ಸಿಯಂ ಹಿಡಿದುಕೊಂಡು ಔಷಧಿ ಮೈಗೆ ಹತ್ತುವುದು ಕಡಿಮೆ. ಹಾಗಾಗಿ ಗಂಜಿಗೂ ಮಾತ್ರೆಗೂ ಎರಡು-ಮೂರು ಗಂಟೆ ಅಂತರ. ಅಂಚು ತೆಗೆದ ಕಾಲು ಸ್ಲೈಸನ್ನು ಕೋಳಿ ಬೇಯಿಸಿದ ನೀರಲ್ಲಿ ಅದ್ದಿ ಹಿಂಡಿ, ನೆಲ್ಲಿಕಾಯಿ ಗಾತ್ರದ ಮೂರು ಉಂಡೆ. ಮೊದಲನೆಯದು ಖಾಲಿ, ಎರಡನೆಯದರಲ್ಲಿ ಮಾತ್ರೆ, ಅದು ಬಾಯಲ್ಲಿರುವಾಗಲೇ ಮೂರನೆಯದನ್ನು ಮೂಗಿನ ಮುಂದೆ ಹಿಡಿಯಬೇಕು. ಮುಂದಿನದ್ದರ ಆಸೆಗೆ ಅಗಿಯದೆ ನುಂಗುತ್ತದೆ. ಕೈಗೆ ಮಾತ್ರೆಯ ಪುಡಿ ಅಂಟಿದ್ದರೆ ಮೂರನೇ ಉಂಡೆ ಮುಟ್ಟುವ ಮುಂಚೆ ತೊಳೆದುಕೊಳ್ಳಿ, ಕಹಿ ಒಮ್ಮೆ ತಾಗಿದರೆ ಆ ನಾಯಿ ಎಂಟು ದಿನ ನಿಮ್ಮ ಕೈಯಿಂದ ಬ್ರೆಡ್ ತಿನ್ನುವುದಿಲ್ಲ. ಮೇಲಿಂದ ಒಂದು ಲೋಟ ಕೋಳಿ ನೀರು ಕುಡಿಸಿ, ಐದು ನಿಮಿಷ ಅಲ್ಲೇ ನಿಂತು ಅಂಗಳದಲ್ಲಿ ಮಾತ್ರೆ ಉಗುಳಿದೆಯೇ ನೋಡಿ.