ನಲಿ-ಕಲಿ ಕೊಠಡಿ: ಚಪ್ಪರ ಕಟ್ಟುವ ಮುನ್ನ ನೆಲದ ಮೇಲೆ ಕುಳಿತು ನೋಡಿ

ಬೇಸಿಗೆ ರಜೆ ಮುಗಿದು ಶಾಲೆಯ ಬಾಗಿಲು ತೆರೆದ ಮೇಲೆ ತರಗತಿ ಕೊಠಡಿಯನ್ನು ಅಣಿಗೊಳಿಸಲು ಶಿಕ್ಷಕರಿಗೆ ಸಿಗುವುದು ಹೆಚ್ಚೆಂದರೆ ಒಂದೆರಡು ದಿನ. ಪ್ರಾರಂಭೋತ್ಸವದ ತಳಿರು ತೋರಣಕ್ಕೆ ಕೊಟ್ಟಷ್ಟು ಗಮನವನ್ನು, ಮಕ್ಕಳು ವರ್ಷವಿಡೀ ಕುಳಿತು ಕಲಿಯುವ ಒಳಗಿನ ಜಾಗಕ್ಕೆ ಕೊಡದೆ ಇರುವುದನ್ನು ನಾನು ಹಲವು ಕಡೆ ಕಂಡಿದ್ದೇನೆ. 1995ರಲ್ಲಿ ಮೈಸೂರು ಜಿಲ್ಲೆಯ ಎಚ್.ಡಿ. ಕೋಟೆ ತಾಲ್ಲೂಕಿನಲ್ಲಿ ಆರಂಭವಾದ ನಲಿ-ಕಲಿ, ಚಿಕ್ಕ ತರಗತಿಗಳ ಮಕ್ಕಳು ಚಟುವಟಿಕೆಗಳ ಮೂಲಕ ತಮ್ಮ ತಮ್ಮ ವೇಗದಲ್ಲಿ ಕಲಿಯುವ ಪದ್ಧತಿ. ಇದರಲ್ಲಿ ಮಗು ತಾನೇ ಎದ್ದು ಹೋಗಿ ಚಟುವಟಿಕೆಯ ಕಾರ್ಡು ತರುತ್ತದೆ, ತಾನು ಎಲ್ಲಿಗೆ ಬಂದಿದ್ದೇನೆಂದು ಕಲಿಕೆಯ ಹಂತಗಳನ್ನು ಕ್ರಮವಾಗಿ ತೋರಿಸುವ ಕಲಿಕಾ ಏಣಿಯಲ್ಲಿ ನೋಡಿಕೊಳ್ಳುತ್ತದೆ. ಆದ್ದರಿಂದ ಮಗುವಿನ ಕಣ್ಣಿಗೂ ಕೈಗೂ ಎಟುಕದ ಅಲಂಕಾರ ಇಲ್ಲಿ ಯಾವ ಉಪಯೋಗಕ್ಕೂ ಬಾರದು.

ಮೊದಲು ಕೊಠಡಿಯನ್ನು ಪೂರ್ತಿ ಬರಿದು ಮಾಡಿ, ಜೇಡರ ಬಲೆ ತೆಗೆದು, ನೆಲ ತೊಳೆಯಿರಿ. ಹಂಚಿನ ಮಾಡಾಗಿದ್ದರೆ ಒಡೆದ ಹಂಚುಗಳನ್ನು ಮಳೆ ಹಿಡಿಯುವ ಮುನ್ನವೇ ಬದಲಿಸಿ. ನೀರಿಳಿದ ಕಲೆಯಿರುವ ಗೋಡೆಗೆ ಏನನ್ನೂ ಅಂಟಿಸಬೇಡಿ.

ಎರಡನೆಯದಾಗಿ, ಮಕ್ಕಳು ಕೂರುವ ಜಾಗದಲ್ಲಿ ನೀವೂ ನೆಲದ ಮೇಲೆ ಕುಳಿತು ಸುತ್ತ ನೋಡಿ. ಒಂದನೆಯ ತರಗತಿಯ ಮಗು ನಿಂತಾಗ ಅದರ ಕಣ್ಣು ನೆಲದಿಂದ ಸುಮಾರು ಮೂರೂಕಾಲು ಅಡಿ ಎತ್ತರದಲ್ಲಿರುತ್ತದೆ, ಕೈಯೆತ್ತಿದರೆ ಬೆರಳು ನಾಲ್ಕೂವರೆ ಅಡಿಯ ಆಸುಪಾಸಿಗೆ ಮುಟ್ಟುತ್ತದೆ. ಈ ಎರಡೂ ಎತ್ತರಗಳಲ್ಲಿ ಗೋಡೆಯುದ್ದಕ್ಕೂ ಸೀಮೆಸುಣ್ಣದ ಗೆರೆ ಎಳೆದುಕೊಳ್ಳಿ. ಕಲಿಕಾ ಏಣಿ, ಪ್ರಗತಿ ನೋಟ, ಹವಾಮಾನ ನಕ್ಷೆ ಇವೆಲ್ಲವೂ ಮೇಲಿನ ಗೆರೆಯ ಕೆಳಗೇ ಬರಬೇಕು. ಮಕ್ಕಳು ಬರೆಯುವ ಗೋಡೆ ಹಲಗೆ ಇನ್ನೂ ಕೆಳಗಿರಬೇಕು. ಅದಕ್ಕೆ ಬಣ್ಣ ಹೊಡೆಸುವುದಿದ್ದರೆ ಹಲಗೆಯ ಬಣ್ಣವನ್ನೇ ತರಿಸಿ. ಮಿಕ್ಕ ಎನಾಮೆಲ್ ಬಣ್ಣವನ್ನು ಬಳಿದರೆ ಮೇಲ್ಮೈ ನುಣುಪಾಗಿ ಸೀಮೆಸುಣ್ಣ ಜಾರುತ್ತದೆ.

ಇನ್ನು ಕಲಿಕಾ ಚಪ್ಪರ, ಅಂದರೆ ಮಕ್ಕಳ ಕೆಲಸವನ್ನು ತೂಗುಹಾಕಲು ಕೊಠಡಿಯ ಮೇಲ್ಭಾಗದಲ್ಲಿ ಕಟ್ಟುವ ಎಳೆಗಳು. ಬಹುಪಾಲು ಕೊಠಡಿಗಳು ಕೆಡುವುದು ಇಲ್ಲಿಯೇ. ಗೋಡೆಯಿಂದ ಗೋಡೆಗೆ ನೈಲಾನ್ ಹಗ್ಗ ಬಿಗಿದು ಬಣ್ಣದ ಕಾಗದಗಳನ್ನು ಇಳಿಬಿಟ್ಟರೆ ಮೊದಲ ದಿನ ಅಂದವಾಗಿಯೇ ಕಾಣುತ್ತದೆ, ಆದರೆ ಭಾರ ಬಿದ್ದಂತೆ ಹಗ್ಗ ಜಗ್ಗಿ, ಕೆಲವೇ ವಾರಗಳಲ್ಲಿ ನಡುಭಾಗ ಜೋತುಬಿದ್ದು ಶಿಕ್ಷಕರ ತಲೆಗೆ ತಾಗತೊಡಗುತ್ತದೆ. ತಾಗಬಾರದೆಂದು ಮೇಲಕ್ಕೆ ಕಟ್ಟಿದರೆ ಮಕ್ಕಳ ಕೆಲಸ ಮಕ್ಕಳಿಗೇ ಕಾಣುವುದಿಲ್ಲ. ನಾನು ಹೇಳುವ ಕ್ರಮ ಇದು: ಮುಖ್ಯ ಎಳೆಗಳಿಗೆ ತೆಳು ಕಬ್ಬಿಣದ ತಂತಿಯನ್ನು ಬಳಸಿ, ಶಿಕ್ಷಕರು ಸ್ಟೂಲು ಹತ್ತದೆ ಕೈಯೆತ್ತಿ ಮುಟ್ಟುವ ಆರೂವರೆ ಅಡಿ ಎತ್ತರದಲ್ಲಿ ಬಿಗಿಯಿರಿ. ಸುಣ್ಣದ ಗೋಡೆಗೆ ಬರಿ ಮೊಳೆ ಹೊಡೆದರೆ ಗಾರೆಯೊಂದಿಗೆ ಕಿತ್ತು ಬರುತ್ತದೆ. ಕಿಟಕಿಯ ಸರಳಿಗೋ ತೊಲೆಗೋ ಕಟ್ಟಿ, ಅದಿಲ್ಲದಿದ್ದರೆ ರಂಧ್ರ ಕೊರೆಸಿ ಕೊಕ್ಕೆ ಕೂರಿಸಿ. ಎಳೆಗಳ ನಡುವೆ ಎರಡು ಅಡಿ ಅಂತರವಿರಲಿ, ಫ್ಯಾನಿನ ಸುತ್ತ ಮೂರು ಅಡಿ ಸಂಪೂರ್ಣ ಖಾಲಿಯಿರಲಿ, ತಂತಿಯ ತುದಿಗಳನ್ನು ಒಳಕ್ಕೆ ಮಡಿಚಿ ಬಟ್ಟೆ ಸುತ್ತಿ. ಬಳಿಕ ಗೋಡೆಗೆ ಹತ್ತಿರದ ಎಳೆಗಳಿಂದ ಮಾತ್ರ ಹತ್ತಿಯ ದಾರಗಳನ್ನು ನೆಲದಿಂದ ನಾಲ್ಕು ಅಡಿ ಎತ್ತರದವರೆಗೆ ಇಳಿಬಿಟ್ಟು, ತುದಿಗೆ ಬಟ್ಟೆ ಒಣಹಾಕುವ ಕ್ಲಿಪ್ಪು ಕಟ್ಟಿ. ಮಕ್ಕಳು ಓಡಾಡುವ ನಡುಭಾಗದಲ್ಲಿ ದಾರಗಳು ಮೋಟಾಗಿರಲಿ. ಮಗು ತನ್ನ ಚಿತ್ರವನ್ನು ತಾನೇ ಸಿಕ್ಕಿಸಿ ತಾನೇ ತೆಗೆಯುವಂತಾದರೆ ಚಪ್ಪರ ಸರಿಯಾಗಿದೆ ಎಂದು ತಿಳಿಯಬಹುದು.

ಅಂಗಡಿಯ ವರ್ಣಮಾಲೆಯ ಪಟಗಳನ್ನು ಕೊಳ್ಳಬೇಡಿ. ಅವುಗಳಲ್ಲಿ ಕಾಗುಣಿತದ ತಪ್ಪುಗಳು ಸಾಮಾನ್ಯ, ಅದಕ್ಕಿಂತ ಮುಖ್ಯವಾಗಿ ನಲಿ-ಕಲಿಯ ಮಗು ಅ, ಆ, ಇ, ಈ ಎಂದು ಆರಂಭಿಸುವುದಿಲ್ಲ. ರ, ಗ, ಸ, ದ, ಅ ಎಂದು ಆರಂಭಿಸುತ್ತದೆ. ಏಣಿಯಲ್ಲಿ ಒಂದು ಕ್ರಮ, ಗೋಡೆಯಲ್ಲಿ ಇನ್ನೊಂದು ಕ್ರಮವಿದ್ದರೆ ಗೊಂದಲ ಮಗುವಿನದಾಗುತ್ತದೆ. ಥರ್ಮೋಕೋಲ್ ಮತ್ತು ಮಿನುಗು ಪುಡಿಯನ್ನೂ ಕೊಠಡಿಯಿಂದ ದೂರವಿಡಿ. ಎರಡು ಬದಿಯ ಅಂಟುಪಟ್ಟಿ ಜೂನ್ ತಿಂಗಳ ತೇವಕ್ಕೆ ಸುಣ್ಣದ ಪದರದೊಂದಿಗೆ ಕಳಚಿಬೀಳುತ್ತದೆ; ಮನೆಯಲ್ಲಿ ಕಾಯಿಸಿದ ಮೈದಾ ಅಂಟು ಗಟ್ಟಿಯಾಗಿ ನಿಲ್ಲುತ್ತದಾದರೂ ಜಿರಲೆಗಳನ್ನು ಕರೆಯುತ್ತದೆ. ಗೋಡೆಗೆ ಮರದ ಪಟ್ಟಿ ಹೊಡೆಸಿ ಪಿನ್ನು ಚುಚ್ಚುವುದೇ ಬಾಳಿಕೆಯ ದಾರಿ.

ತಟ್ಟೆಗಳ, ಅಂದರೆ ಎಷ್ಟು ನೆರವು ಬೇಕೆಂಬುದರ ಮೇಲೆ ಮಕ್ಕಳು ಬೇರೆ ಬೇರೆಯಾಗಿ ಕೂರುವ ಗುಂಪುಗಳ, ಜಾಗ ಗೊತ್ತುಮಾಡುವುದು ಸುಲಭ. ಶಿಕ್ಷಕರ ಪೂರ್ಣ ಬೆಂಬಲಿತ ತಟ್ಟೆ ಕರಿಹಲಗೆಯ ಹತ್ತಿರ, ಸ್ವಕಲಿಕಾ ತಟ್ಟೆ ಬಾಗಿಲಿನಿಂದ ದೂರದ ಮೂಲೆಯಲ್ಲಿ, ಉಳಿದವು ನಡುವೆ ಇರಲಿ. ಕಾರ್ಡುಗಳ ಪೆಟ್ಟಿಗೆಗೆ ಹೋಗುವ ದಾರಿಗೆ ಯಾವ ತಟ್ಟೆಯೂ ಅಡ್ಡ ಬರಬಾರದು.

ಕೊನೆಯದಾಗಿ, ಒಂದು ಗೋಡೆಯನ್ನು ಖಾಲಿ ಬಿಡಿ. ಅಮೆರಿಕದ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದ ಸಂಶೋಧಕರು 2014ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ, ಗೋಡೆ ತುಂಬ ಅಲಂಕರಿಸಿದ ಕೊಠಡಿಯಲ್ಲಿ ಚಿಕ್ಕ ಮಕ್ಕಳ ಗಮನ ಹೆಚ್ಚು ಚದುರಿ ಕಲಿಕೆ ಕಡಿಮೆಯಾದದ್ದು ಕಂಡುಬಂದಿತ್ತು. ಕರಿಹಲಗೆಯ ಎಡಬಲದ ಗೋಡೆಯೇ ಇದಕ್ಕೆ ತಕ್ಕದ್ದು. ಚಪ್ಪರದ ಕ್ಲಿಪ್ಪುಗಳೂ ಮೊದಲ ದಿನ ಬರಿದಾಗಿಯೇ ಇರಲಿ. ಒಂದೊಂದರ ಮೇಲೂ ಒಂದೊಂದು ಮಗುವಿನ ಹೆಸರನ್ನು ಬರೆದಿಟ್ಟರೆ ಸಾಕು.