183 ಡಿಗ್ರಿಯ ಅಡ್ಡಗೆರೆ: ಯುಟೆಕ್ಟಿಕ್ ನಕ್ಷೆಯನ್ನು ನಾನು ಕೈಯಾರೆ ಬರೆದುಕೊಂಡ ಬಗೆ

ಎರಡು ಲೋಹ ಬೆರೆಸಿದಾಗ ಯಾವ ಪ್ರಮಾಣಕ್ಕೆ ಎಷ್ಟು ಡಿಗ್ರಿಯಲ್ಲಿ ಕರಗುತ್ತವೆ, ಗಟ್ಟಿಯಾಗುತ್ತವೆ ಎಂದು ತೋರಿಸುವ ಯುಟೆಕ್ಟಿಕ್ ನಕ್ಷೆಯನ್ನು ಬಾಯಿಪಾಠ ಮಾಡಿದವರು ಬೇಕಾದಷ್ಟು ಮಂದಿ ಸಿಗುತ್ತಾರೆ. ಎಡದಿಂದ ಒಂದು ಇಳಿಜಾರು, ಬಲದಿಂದ ಒಂದು ಇಳಿಜಾರು, ಎರಡೂ ಕೂಡುವಲ್ಲಿ ಒಂದು ಕೊಳ್ಳ (ಎಲ್ಲಕ್ಕಿಂತ ಕಡಿಮೆ ತಾಪಮಾನದಲ್ಲಿ ಕರಗುವ ಈ ಮಿಶ್ರಣವೇ ಯುಟೆಕ್ಟಿಕ್), ಅದರಡಿ ಸಪಾಟಾದ ಅಡ್ಡಗೆರೆ, ಆಚೀಚೆ ಆಲ್ಫಾ, ಬೀಟಾ ಎಂಬ ಎರಡು ಘನಗಳು. ಪರೀಕ್ಷೆಗೆ ಇಷ್ಟು ಸಾಕು. ಪುಣೆಯ ಭೋಸರಿ ಎಂಐಡಿಸಿ ಕೈಗಾರಿಕಾ ಪ್ರದೇಶದಲ್ಲಿ ಅಲ್ಯೂಮಿನಿಯಂ ಎರಕ ಹೊಯ್ಯುವವನಿಗೆ ಸಾಲದು. ಫೀಡರ್ (ಕುಗ್ಗುವ ಜಾಗಕ್ಕೆ ದ್ರವ ಲೋಹ ಒದಗಿಸುವ ಗುಂಡಿ) ಎಲ್ಲಿ ಇಡಬೇಕು, ಶ್ರಿಂಕೇಜ್ (ಲೋಹ ಕುಗ್ಗಿ ಆಗುವ ಟೊಳ್ಳು) ಯಾಕೆ ಅದೇ ಮೂಲೆಯಲ್ಲಿ ಬರುತ್ತಿದೆ, ಹೀಟ್ ಟ್ರೀಟ್‌ಮೆಂಟ್ ಎಷ್ಟು ಡಿಗ್ರಿಯವರೆಗೆ ಏರಿಸಬಹುದು ಎಂಬ ಪ್ರಶ್ನೆಗಳಿಗೆಲ್ಲ ಉತ್ತರ ಆ ಗೆರೆಗಳಲ್ಲೇ ಇದೆ. ಆದರೆ ಆ ಗೆರೆಗಳು ಎಲ್ಲಿಂದ ಬಂದವು ಎಂದು ಗೊತ್ತಿರದವನಿಗೆ ಅವು ಮಾತಾಡುವುದಿಲ್ಲ.

ನಮ್ಮ ಶಾಪ್‌ಗೆ ಟ್ರೇನಿಗಳಾಗಿ ಬರುವವರಲ್ಲಿ ಬೆಳಗಾವಿ, ವಿಜಯಪುರ, ಬಾಗಲಕೋಟೆ ಕಡೆಯ ಡಿಪ್ಲೊಮಾ ಹುಡುಗರು ಬಹಳ. ಅವರಲ್ಲೊಬ್ಬ ಕೇಳಿದ: "ಸರ್, ಎಲ್ಲಾ ಗೆರಿ ಓರೆ ಅದಾವು, ಇದೊಂದ ಯಾಕ ಸಪಾಟ ಐತಿ?" ಸೂತ್ರ ಹೇಳಿ ಕಳಿಸಬಹುದಿತ್ತು. ಅದರ ಬದಲು ನಕ್ಷೆಯನ್ನೇ ನಾವು ಬರೆಯೋಣ ಎಂದು ಕೂತೆವು. ಅಲ್ಯೂಮಿನಿಯಂ–ಸಿಲಿಕಾನ್‌ನಿಂದ ಶುರು ಮಾಡಲಿಲ್ಲ. ಸಿಲಿಕಾನ್ ಕರಗುವುದು 1414 ಡಿಗ್ರಿಗೆ, ನಕ್ಷೆಯ ಬಲಗಡೆಗೆ ನಮ್ಮ ಫರ್ನೇಸ್ ಮುಟ್ಟುವುದೇ ಇಲ್ಲ. ಸೀಸ ಮತ್ತು ತವರ ಹಿಡಿದೆವು. ಸೀಸ 327.5ಕ್ಕೆ, ತವರ 232ಕ್ಕೆ ಕರಗುತ್ತವೆ. ಸಣ್ಣ ಕ್ರೂಸಿಬಲ್ (ಲೋಹ ಕರಗಿಸುವ ಪಾತ್ರೆ), ಗ್ಯಾಸ್ ಬರ್ನರ್ ಸಾಕು.

ಬುಧವಾರ ಪೇಠೆಯ ತಾಪಕೀರ್ ಗಲ್ಲಿಗೆ ಹೋದರೆ ಕೆ ಟೈಪ್ ಥರ್ಮೋಕಪಲ್ (ತಾಪಮಾನ ಅಳೆಯುವ ತಂತಿ), ತಾಪಮಾನ ಬರೆದಿಡುವ ಲಾಗರ್, ಸಾಲ್ಡರ್ ಎಲ್ಲಾ ಒಂದೇ ಕಡೆ ಸಿಗುತ್ತದೆ. ಸೀಸವನ್ನು ಮಾತ್ರ ಗುಜರಿಯಿಂದ ತರಬಾರದು. ಹಳೇ ಬ್ಯಾಟರಿ ಪ್ಲೇಟಿನ ಸೀಸದಲ್ಲಿ ಆಂಟಿಮನಿ ಇರಬಹುದು. ಆಗ ನೀವು ಎರಡು ಲೋಹದ ನಕ್ಷೆ ಬರೆಯುತ್ತಿದ್ದೀರಿ ಎಂದುಕೊಂಡು ಮೂರು ಲೋಹದ್ದು ಬರೆಯುತ್ತಿರುತ್ತೀರಿ. ಲ್ಯಾಬ್ ದರ್ಜೆಯದನ್ನೇ ತಂದೆವು. ಇನ್ನೊಂದು ಮಾತು: ಸೀಸ ವಿಷ. ತೆರೆದ ಶೆಡ್ಡಿನಲ್ಲಿ, ಎಕ್ಸಾಸ್ಟ್ ಕೆಳಗೆ ಮಾಡಬೇಕು. ಕೈ ತೊಳೆಯದೆ ಚಹಾ ಮುಟ್ಟಬಾರದು. ಮನೆಯ ಒಲೆಯ ಮೇಲೆ ಇದನ್ನು ಖಂಡಿತ ಮಾಡಬೇಡಿ.

ಮೊದಲ ಕೆಲಸ ಥರ್ಮೋಕಪಲ್ಲಿನ ಸುಳ್ಳು ಹಿಡಿಯುವುದು. ಸಾಧಾರಣ ಕೆ ಟೈಪ್ ಎರಡು ಡಿಗ್ರಿ ಆಚೀಚೆ ತೋರಿಸಿದರೂ ಅದು ಸ್ಟ್ಯಾಂಡರ್ಡ್ ಪ್ರಕಾರ ಸರಿಯೇ. ಶುದ್ಧ ತವರವನ್ನು ಕರಗಿಸಿ ತಣಿಯಲು ಬಿಟ್ಟರೆ ಒಂದು ಹಂತದಲ್ಲಿ ತಾಪಮಾನ ಇಳಿಯುವುದನ್ನು ನಿಲ್ಲಿಸಿ ಅಲ್ಲೇ ನಿಲ್ಲುತ್ತದೆ. ಆ ನಿಲುಗಡೆ 232. ಸೀಸದ ನಿಲುಗಡೆ 327.5. ಮೀಟರ್ ಬೇರೆ ಅಂಕಿ ತೋರಿಸಿದರೆ ವ್ಯತ್ಯಾಸ ಬರೆದಿಟ್ಟುಕೊಂಡು ಮುಂದಿನ ಎಲ್ಲಾ ಅಂಕಿಗಳನ್ನೂ ಅದರಂತೆ ತಿದ್ದಬೇಕು. ಅಂದಹಾಗೆ ತವರ ಒಮ್ಮೊಮ್ಮೆ 232ಕ್ಕಿಂತ ಸಾಕಷ್ಟು ಕೆಳಗಿಳಿದು, ಆಮೇಲೆ ತಟ್ಟನೆ ಮೇಲೆದ್ದು ನಿಲ್ಲುತ್ತದೆ. ಹರಳು ಕಟ್ಟಲು ಶುರುವಾಗುವುದೇ ತಡ, ಬಿಡುಗಡೆಯಾದ ಶಾಖ ಲೋಹವನ್ನು ಮತ್ತೆ ಬಿಸಿ ಮಾಡುತ್ತದೆ. ಕಡ್ಡಿಯಿಂದ ಮೆಲ್ಲಗೆ ಕಲಕುತ್ತಿದ್ದರೆ ಈ ಜಿಗಿತ ಕಡಿಮೆ.

ಆಮೇಲೆ ಮಿಶ್ರಣಗಳು. ಪ್ರತಿಸಲ 200 ಗ್ರಾಂ ಒಟ್ಟು ತೂಕ, ಅದೇ ಕ್ರೂಸಿಬಲ್, ಅದೇ ಇಟ್ಟಿಗೆ, ಮೇಲೆ ಇದ್ದಿಲ ಪುಡಿ. ಈ ಶಿಸ್ತು ಯಾಕೆ ಬೇಕೆಂಬುದು ಕೊನೆಗೆ ತಿಳಿಯುತ್ತದೆ. ಶೇಕಡಾ 40 ತವರದ ಮಿಶ್ರಣ ತೆಗೆದುಕೊಳ್ಳಿ: 80 ಗ್ರಾಂ ತವರ, 120 ಗ್ರಾಂ ಸೀಸ. 300 ಡಿಗ್ರಿಯಿಂದ ಹತ್ತು ಸೆಕೆಂಡಿಗೊಮ್ಮೆ ಅಂಕಿ ಬರೆಯುತ್ತ ಬಂದರೆ, 238ರ ಹತ್ತಿರ ಇಳಿತದ ವೇಗ ಕುಗ್ಗುತ್ತದೆ. ನಿಲ್ಲುವುದಿಲ್ಲ, ನಿಧಾನವಾಗುತ್ತದೆ ಅಷ್ಟೆ. ಗ್ರಾಫಿನಲ್ಲಿ ಅದೊಂದು ಮುರಿವು. ಅಲ್ಲಿಂದ ಮುಂದೆ ಕಡ್ಡಿ ಆಡಿಸಿದರೆ ಒಳಗೆ ಮರಳಿನಂಥದ್ದು ಸಿಗುತ್ತದೆ. ಸೀಸ ಹೆಚ್ಚಿರುವ ಆಲ್ಫಾ ಹರಳುಗಳು. ಹಿಂದೆ ಸೀಸದ ಕೊಳವೆ ಜೋಡಿಸುವವರು ಸಾಲ್ಡರನ್ನು ಬಟ್ಟೆಯಲ್ಲಿ ಒರೆಸಿ ಆಕಾರ ಕೊಡುತ್ತಿದ್ದುದು ಇದೇ ಹದದಲ್ಲಿ. ಹೀಗೆ ಇಳಿದಿಳಿದು 183ಕ್ಕೆ ಬಂದಾಗ ಶುದ್ಧ ಲೋಹದಂತೆಯೇ ತಾಪಮಾನ ನಿಂತುಬಿಡುತ್ತದೆ. ಉಳಿದ ದ್ರವವೆಲ್ಲ ಗಟ್ಟಿಯಾಗುವವರೆಗೆ ಅಲ್ಲಾಡುವುದಿಲ್ಲ.

ಶೇಕಡಾ 20, 30, 50, 60, 75 ತವರ ಹಾಕಿ ನೋಡಿ. ಮೊದಲ ಮುರಿವು ಪ್ರತಿಸಲ ಬೇರೆ ಕಡೆ, ನಿಲುಗಡೆ ಪ್ರತಿಸಲ 183. ಈ ಗ್ರಾಫುಗಳನ್ನು ಅಕ್ಕಪಕ್ಕ ಅಂಟಿಸಿ, ಮುರಿವುಗಳನ್ನೆಲ್ಲ ಒಂದು ದಾರದಲ್ಲಿ, ನಿಲುಗಡೆಗಳನ್ನೆಲ್ಲ ಇನ್ನೊಂದರಲ್ಲಿ ಸೇರಿಸಿದರೆ ಕೊಳ್ಳವೂ ಅಡ್ಡಗೆರೆಯೂ ಗೋಡೆಯ ಮೇಲೆ ತಾವಾಗಿಯೇ ಮೂಡುತ್ತವೆ. ಪ್ರಶ್ನೆ ಕೇಳಿದ ಹುಡುಗ ಅಲ್ಲಿಗೆ ಸುಮ್ಮನಾಗಲಿಲ್ಲ. ಸಪಾಟ ಇರುವುದು ಕಂಡಿತು, ಯಾಕೆಂದು ಹೇಳಿ ಎಂದ. ನ್ಯಾಯವೇ.

ಉತ್ತರ ಗಿಬ್ಸ್ ನಿಯಮದಲ್ಲಿದೆ. ಒತ್ತಡ ಬದಲಾಗದಿದ್ದಾಗ, ಘಟಕಗಳ (ಇಲ್ಲಿ ಸೀಸ, ತವರ) ಸಂಖ್ಯೆಯಿಂದ ಫೇಸ್‌ಗಳ (ದ್ರವ, ಆಲ್ಫಾ, ಬೀಟಾದಂಥ ರೂಪಗಳ) ಸಂಖ್ಯೆ ಕಳೆದು ಒಂದು ಕೂಡಿಸಿ; ಬಂದದ್ದು ಲೋಹಕ್ಕಿರುವ ಸ್ವಾತಂತ್ರ್ಯ. 238 ಮತ್ತು 183ರ ನಡುವೆ ದ್ರವ, ಆಲ್ಫಾ ಎರಡೇ ಇವೆ: ಎರಡರಲ್ಲಿ ಎರಡು ಕಳೆದು ಒಂದು ಕೂಡಿಸಿದರೆ ಒಂದು, ಅಂದರೆ ತಾಪಮಾನ ಬದಲಾಗಬಹುದು. ಆದರೆ ತಾಪಮಾನ ಇಷ್ಟೆಂದು ಗೊತ್ತಾದ ಕೂಡಲೇ ದ್ರವದಲ್ಲಿ ತವರ ಎಷ್ಟು, ಹರಳಿನಲ್ಲಿ ಎಷ್ಟು ಎಂಬುದು ತೀರ್ಮಾನವಾಯಿತು. ಆ ತಾಪಮಾನದಲ್ಲಿ ನಕ್ಷೆಗೆ ಅಡ್ಡಲಾಗಿ ಎಳೆಯುವ ಟೈ ಲೈನ್ ಹೇಳುವುದು ಇದನ್ನೇ. 183ರಲ್ಲಿ ದ್ರವ, ಆಲ್ಫಾ, ಬೀಟಾ ಮೂರೂ ಒಟ್ಟಿಗಿವೆ. ಸ್ವಾತಂತ್ರ್ಯ ಸೊನ್ನೆ. ಶಾಖ ಹೊರಹೋಗುತ್ತಿದ್ದರೂ ತಾಪಮಾನಕ್ಕೆ ಸರಿಯಲು ಜಾಗವಿಲ್ಲ. ದ್ರವ ಕಡಿಮೆಯಾಗುತ್ತ ಎರಡು ಘನಗಳ ಪ್ರಮಾಣ ಹೆಚ್ಚುವುದೊಂದೇ ದಾರಿ. ಕೈಗಾಡಿಯ ಕುಲ್ಫಿಯವನು ಬರ್ಫಕ್ಕೆ ಉಪ್ಪು ಹಾಕಿ ಚಳಿ ಹೆಚ್ಚಿಸುವುದೂ ಇದೇ ಲೆಕ್ಕದ ಮೇಲೆ. ಉಪ್ಪು ನೀರಿನ ಯುಟೆಕ್ಟಿಕ್ ಮೈನಸ್ 21 ಡಿಗ್ರಿ. 1884ರಲ್ಲಿ ಈ ಹೆಸರಿಟ್ಟ ಫ್ರೆಡರಿಕ್ ಗುಥ್ರಿಯೂ ಲೋಹಕ್ಕೆ ಬರುವ ಮುಂಚೆ ಉಪ್ಪುನೀರನ್ನೇ ಹೆಪ್ಪುಗಟ್ಟಿಸುತ್ತಿದ್ದವನು.

ಈಗ ಲಿವರ್ ರೂಲ್, ಅಂದರೆ ಯಾವ ಫೇಸ್ ಎಷ್ಟಿದೆ ಎಂದು ಹೇಳುವ ಲೆಕ್ಕ. ಎಲ್ಲರೂ ಭಾಗಾಕಾರದಲ್ಲಿ ತಪ್ಪು ತೋಳು ಮೇಲಿಡುವುದು ಇಲ್ಲೇ, ಹಾಗಾಗಿ ನಾನು ಸೂತ್ರ ಹೇಳುವುದನ್ನು ಬಿಟ್ಟು ತವರದ ಲೆಕ್ಕ ಕೇಳುತ್ತೇನೆ. 183ಕ್ಕೆ ಕೂದಲೆಳೆ ಮೇಲೆ ನಿಂತಿದ್ದೇವೆ. ಆಲ್ಫಾದಲ್ಲಿ ತವರ ಶೇಕಡಾ 18.3, ದ್ರವದಲ್ಲಿ 61.9, ಒಟ್ಟು ಸರಾಸರಿ 40 ಆಗಬೇಕು. 18.3ರಿಂದ 40ಕ್ಕೆ 21.7, 18.3ರಿಂದ 61.9ಕ್ಕೆ 43.6. ಭಾಗಿಸಿದರೆ ದ್ರವ ಹತ್ತಿರ ಹತ್ತಿರ ಅರ್ಧ. ಉಳಿದರ್ಧ ಆಲ್ಫಾ. ಕೂದಲೆಳೆ ಕೆಳಗೆ ಇಳಿಯಿರಿ. ದ್ರವ ಹೋಯಿತು, ಈಗ 18.3ರ ಆಲ್ಫಾ, 97.8ರ ಬೀಟಾ. ಲೆಕ್ಕ ಹಾಕಿದರೆ ಆಲ್ಫಾ ಶೇಕಡಾ 73. ಅರ್ಧವಿದ್ದದ್ದು 73 ಹೇಗಾಯಿತು? ದ್ರವವಾಗಿದ್ದ ಅರ್ಧ ಗಟ್ಟಿಯಾಗುವಾಗ ಅದರೊಳಗೂ 23ರಷ್ಟು ಆಲ್ಫಾ ಹುಟ್ಟಿತು. ಮೈಕ್ರೋಸ್ಕೋಪಿನಲ್ಲಿ ನೋಡಿದರೆ ಮೊದಲು ಹುಟ್ಟಿದ ಆಲ್ಫಾ ದಪ್ಪ ಗುಪ್ಪೆಗಳಾಗಿ, ಆಮೇಲಿನದು ಬೀಟಾ ಜತೆ ತೆಳು ಪದರಗಳಾಗಿ ಕಾಣುತ್ತದೆ. ಫೇಸ್ ಒಂದೇ, ಹುಟ್ಟಿದ ಹೊತ್ತು ಬೇರೆ. ಈ ಒಂದು ಲೆಕ್ಕ ಕೈಗೆ ಹತ್ತಿದವನಿಗೆ ಯಾವ ಬೈನರಿ (ಎರಡು ಘಟಕದ) ನಕ್ಷೆಯೂ ಹೆದರಿಸುವುದಿಲ್ಲ ಎಂಬುದು ನನ್ನ ಅಭಿಪ್ರಾಯ. ಆದರೆ ಸೀಸವನ್ನು ಪಾಲಿಶ್ ಮಾಡುವುದು ತಲೆನೋವಿನ ಕೆಲಸ. ಮೆತ್ತಗಿನ ಲೋಹ, ಎಮರಿ ಕಾಗದದ ಕಣಗಳು ಒಳಗೇ ಹುದುಗಿ ಕೂರುತ್ತವೆ, ಮೇಲ್ಮೈ ಬಳಿದಂತಾಗುತ್ತದೆ. ನೀರು ಧಾರಾಳವಾಗಿ ಬಿಡುತ್ತ, ಒತ್ತದೆ ತಿಕ್ಕಬೇಕು.

ಅದೇ ತೂಕ, ಅದೇ ಕ್ರೂಸಿಬಲ್ ಎಂದು ಹಟ ಹಿಡಿದದ್ದು ಈ ಕೊನೆಯ ಆಟಕ್ಕೆ. ಜರ್ಮನಿಯ ಗೋಟಿಂಗೆನ್‌ನ ವಿಜ್ಞಾನಿ ಗುಸ್ತಾವ್ ಟಾಮನ್ ತೋರಿಸಿಕೊಟ್ಟ ಉಪಾಯ: 183ರಲ್ಲಿ ಎಷ್ಟು ಹೊತ್ತು ನಿಂತಿತು ಎಂಬುದನ್ನು ತವರದ ಶೇಕಡಾವಾರು ಎದುರು ಗುರುತಿಸಿ. ಉಳಿದ ದ್ರವ ಹೆಚ್ಚಿದ್ದಷ್ಟೂ ನಿಲುಗಡೆ ಉದ್ದ. ಎರಡು ನೇರ ಗೆರೆಗಳು ಏರಿ ಒಂದು ತ್ರಿಕೋನವಾಗುತ್ತದೆ; ಅದರ ತುದಿ ಯುಟೆಕ್ಟಿಕ್, ಅದರ ಬುಡಗಳು ಆಲ್ಫಾ, ಬೀಟಾ ತಮ್ಮೊಳಗೆ ಇನ್ನೊಂದು ಲೋಹವನ್ನು ಇಟ್ಟುಕೊಳ್ಳಬಲ್ಲ ಮಿತಿ. ನಮ್ಮದು ತುದಿಯಲ್ಲಿ ಚೆನ್ನಾಗಿ ಕೂತಿತು. ಎಡಬುಡ ಮಾತ್ರ 18.3ಕ್ಕೆ ನಿಲ್ಲದೆ ಇನ್ನೂ ಎಡಕ್ಕೆ ಸರಿಯಿತು. ಶೇಕಡಾ 15 ತವರದ ಮಿಶ್ರಣದಲ್ಲೂ ಚಿಕ್ಕದೊಂದು ನಿಲುಗಡೆ ಕಂಡಿತು. ನಕ್ಷೆಯ ಪ್ರಕಾರ ಅಲ್ಲಿ ಯುಟೆಕ್ಟಿಕ್ ಇರಲೇಬಾರದು.

ಎರಕದವನಿಗೆ ಎಲ್ಲಕ್ಕಿಂತ ಮುಖ್ಯವಾದ ಜಾಗ ಇದು. ನಕ್ಷೆ ಬರೆದಿರುವುದು ಹರಳಿನ ಒಳಗೂ ತವರ ಸಮನಾಗಿ ಹರಡುವಷ್ಟು ಸಾವಕಾಶ ಇದೆ ಎಂದುಕೊಂಡು. ನಿಜವಾದ ಅಚ್ಚಿನಲ್ಲಿ ಅಷ್ಟು ಹೊತ್ತಿಲ್ಲ. ಹರಳಿನ ನಡು ಮೊದಲಿನ ರಚನೆಯಲ್ಲೇ ಉಳಿಯುತ್ತದೆ, ಹೆಚ್ಚುವರಿ ತವರವೆಲ್ಲ ದ್ರವಕ್ಕೆ ತಳ್ಳಲ್ಪಡುತ್ತದೆ, ಕೊನೆಯ ಹನಿ 61.9ಕ್ಕೆ ಮುಟ್ಟಿಯೇ ಬಿಡುತ್ತದೆ. ನಮ್ಮ ಧಂಧೆಯ ಉದಾಹರಣೆ ಬೇಕೆಂದರೆ ಅಲ್ಯೂಮಿನಿಯಂಗೆ ಶೇಕಡಾ 4.5 ತಾಮ್ರ. ನಕ್ಷೆಯಲ್ಲಿ 5.65ರವರೆಗೆ ಯುಟೆಕ್ಟಿಕ್ ಸೊನ್ನೆ. ಹರಳಿನೊಳಗೆ ಏನೂ ಹರಡುವುದಿಲ್ಲ ಎಂದು ಶೈಲ್ ಸಮೀಕರಣದಿಂದ ಲೆಕ್ಕ ಹಾಕಿದರೆ ಶೇಕಡಾ 9ರ ಹತ್ತಿರ ಬರುತ್ತದೆ. ಆ ಯುಟೆಕ್ಟಿಕ್ ಕರಗುವುದು 548 ಡಿಗ್ರಿಗೆ. ಎರಕವನ್ನು ಹೀಟ್ ಟ್ರೀಟ್‌ಮೆಂಟ್‌ಗೆ ಹಾಕಿ ಅವಸರದಲ್ಲಿ 548 ದಾಟಿಸಿದರೆ ಗ್ರೇನ್ (ಹರಳು) ಅಂಚುಗಳು ಒಳಗೇ ಕರಗುತ್ತವೆ. ಆ ಪೀಸ್ ಗುಜರಿಗೇ. ಮೊದಲು ಅದಕ್ಕೆ ಸಾಕಷ್ಟು ಕೆಳಗೆ ಗಂಟೆಗಟ್ಟಲೆ ಹಿಡಿದು ತಾಮ್ರವನ್ನು ಒಳಗೆ ಇಂಗಿಸಬೇಕು.

ಅಲ್ಯೂಮಿನಿಯಂ–ಸಿಲಿಕಾನ್‌ಗೆ ಬಂದಾಗ ಹುಡುಗರಿಗೆ ಹೊಸದೇನೂ ಹೇಳಬೇಕಾಗಲಿಲ್ಲ. ಯುಟೆಕ್ಟಿಕ್ 577 ಡಿಗ್ರಿ, ಸಿಲಿಕಾನ್ ಶೇಕಡಾ 12.6, ಆಲ್ಫಾದ ಮಿತಿ 1.65. ಎಲ್‌ಎಂ25 ಎಂಬ ಎರಕದ ಮಿಶ್ರಲೋಹದಲ್ಲಿ ಸಿಲಿಕಾನ್ 7ರಷ್ಟು. ಅವರೇ ಭಾಗಿಸಿದರು: 5.35 ಅನ್ನು 10.95ರಿಂದ, ದ್ರವ ಮತ್ತೆ ಹತ್ತಿರ ಹತ್ತಿರ ಅರ್ಧ. ನಮ್ಮ 40ರ ಸಾಲ್ಡರಿನ ಅಣ್ಣನೇ ಅಂದುಕೊಳ್ಳಿ. ಎಲ್‌ಎಂ6 ಎಂಬ ಇನ್ನೊಂದು ಮಿಶ್ರಲೋಹ ಯುಟೆಕ್ಟಿಕ್ ಪಕ್ಕದಲ್ಲೇ ಇರುವುದರಿಂದ ಸಲೀಸಾಗಿ ಹರಿಯುತ್ತದೆ, ಹೆಚ್ಚುಕಡಿಮೆ ಒಮ್ಮೆಲೇ ಗಟ್ಟಿಯಾಗುತ್ತದೆ. ಕುಗ್ಗಿದ ಖಾಲಿ ಒಂದೇ ಕಡೆ ಗುಂಡಿಯಾಗಿ ಸೇರುತ್ತದೆ, ಅಲ್ಲಿ ಫೀಡರ್ ಇಟ್ಟರೆ ಮುಗಿಯಿತು. ಎಲ್‌ಎಂ25 ಹಾಗಲ್ಲ, ಕುಗ್ಗುವಿಕೆ ಹರಳುಗಳ ಸಂದಿಯಲ್ಲಿ ಚದುರುತ್ತದೆ.

ಇಲ್ಲೊಂದು ತಕರಾರು ಬಂತು. ಎಲ್‌ಎಂ25ರ ಕೂಲಿಂಗ್ ಕರ್ವ್‌ನಲ್ಲಿ (ತಣಿಯುವ ಗ್ರಾಫಿನಲ್ಲಿ) ನಿಲುಗಡೆ 577ಕ್ಕಿಂತ ಕೆಳಗಿತ್ತು, ಪೂರ್ತಿ ಸಪಾಟೂ ಇರಲಿಲ್ಲ, ಸ್ವಲ್ಪ ಜಾರುತ್ತಿತ್ತು. "ಥರ್ಮೋಕಪಲ್ ಕೆಟ್ಟೈತಿ" ಎಂದರು. ಕೆಟ್ಟಿರಲಿಲ್ಲ. ಎಲ್‌ಎಂ25ರಲ್ಲಿ ಮೆಗ್ನೀಸಿಯಂ ಇದೆ. ಘಟಕ ಮೂರಾದವು, ಮೂರರಲ್ಲಿ ಮೂರು ಕಳೆದು ಒಂದು ಕೂಡಿಸಿದರೆ ಒಂದು. ಲೋಹಕ್ಕೆ ಒಂದು ಸ್ವಾತಂತ್ರ್ಯ ಮರಳಿ ಸಿಕ್ಕಿತು, ಜಾರತೊಡಗಿತು. ಅದೇ ಕರ್ವ್ ನೋಡಿ ಸ್ಟ್ರಾನ್ಷಿಯಂ ಹಿಡಿಯಿತೋ ಇಲ್ಲವೋ ಎಂದೂ ಹೇಳಬಹುದು. ಸ್ಟ್ರಾನ್ಷಿಯಂ ಶೇಕಡಾ 0.02ರಷ್ಟು ಬಿದ್ದರೆ ಸಿಲಿಕಾನ್ ಚಪ್ಪಟೆ ಚಕ್ಕೆಗಳ ಬದಲು ಎಳೆಯೆಳೆಯಾಗಿ ಬೆಳೆಯುತ್ತದೆ, ನಿಲುಗಡೆ ಹಲವು ಡಿಗ್ರಿ ಕೆಳಗಿಳಿಯುತ್ತದೆ. 1921ರಲ್ಲಿ ಅಲಾದಾರ್ ಪಾಕ್ಸ್ ಪೇಟೆಂಟ್ ಪಡೆದ ವಿಧಾನದಲ್ಲಿ ಈ ಕೆಲಸ ಸೋಡಿಯಂನದು. ನಿಲುಗಡೆ ಇಳಿದಿಲ್ಲವೆಂದರೆ ಮೆಟಲ್ ಹೊಯ್ಯಬೇಡಿ ಎಂದು ನಾನು ಹೇಳುತ್ತೇನೆ; ಮೈಕ್ರೋಸ್ಕೋಪ್ ವರದಿ ಬರುವ ಹೊತ್ತಿಗೆ ಆ ಲೋಹ ಆಗಲೇ ಅಚ್ಚಿನಲ್ಲಿರುತ್ತದೆ.

ಹೊಸ ಬ್ಯಾಚಿಗೆ ಸೀಸ ಕೊಡುವುದನ್ನು ನಿಲ್ಲಿಸಿದ್ದೇನೆ. ಬಿಸ್ಮತ್–ತವರ ಸಾಕು: ಯುಟೆಕ್ಟಿಕ್ 139 ಡಿಗ್ರಿ, ಬಿಸ್ಮತ್ ಶೇಕಡಾ 57, ವಿಷದ ಭಯ ಬಹಳ ಕಡಿಮೆ. ನಕ್ಷೆಯೂ ಸೊಟ್ಟಗಿದೆ. ತವರ ತನ್ನೊಳಗೆ ಶೇಕಡಾ 20ರಷ್ಟು ಬಿಸ್ಮತ್ ಇಟ್ಟುಕೊಳ್ಳುತ್ತದೆ, ಬಿಸ್ಮತ್ ತವರವನ್ನು ಒಳಗೆ ಬಿಟ್ಟುಕೊಳ್ಳುವುದೇ ಇಲ್ಲವೆನ್ನಬಹುದು. ತ್ರಿಕೋನದ ಒಂದು ಬುಡ ನಕ್ಷೆಯ ಅಂಚಿಗೇ ಅಂಟಿಕೊಂಡಂತೆ ಬರುತ್ತದೆ. ಬಿಸ್ಮತ್ ಗಟ್ಟಿಯಾಗುವಾಗ ಹಿಗ್ಗುತ್ತದೆ ಕೂಡ, ಆದ್ದರಿಂದ ಬಿಸ್ಮತ್ ಹೆಚ್ಚಿರುವ ಮಿಶ್ರಣವನ್ನು ಗಾಜಿನ ಟ್ಯೂಬಿನಲ್ಲಿ ತಣಿಯಲು ಬಿಡಬೇಡಿ.