ಬಿಸಿಲು ತಾಗದ ಹಿತ್ತಲಿಗೆ ಫ್ಯಾಟ್ಸಿಯಾ

ಬ್ರಿಟನ್ನಿನ ಮನೆಗಳಲ್ಲಿ ಉತ್ತರಕ್ಕೆ ಮುಖ ಮಾಡಿದ ಗೋಡೆಯ ಬುಡಕ್ಕೆ ಚಳಿಗಾಲದುದ್ದಕ್ಕೂ ಬಿಸಿಲು ತಾಗುವುದಿಲ್ಲ. ಅಂಥ ಜಾಗಕ್ಕೆ ಫ್ಯಾಟ್ಸಿಯಾ ಜಪಾನಿಕಾದಷ್ಟು ಒಪ್ಪುವ ನಿತ್ಯಹಸಿರು ಪೊದೆಯನ್ನು ನಾನು ಬೇರೆ ಕಂಡಿಲ್ಲ. ಇಲ್ಲಿ ನೆಲೆಸಿದ ಕನ್ನಡಿಗರಿಗೆ ಅದರ ಎಲೆ ಕಂಡೊಡನೆ ನೆನಪಾಗುವುದು ಊರಿನ ಹೊಲದಂಚಿನ ಹರಳು ಗಿಡ. ಇಂಗ್ಲಿಷರೂ ಇದನ್ನು ಹುಸಿ ಹರಳು ಗಿಡವೆಂದೇ ಕರೆಯುತ್ತಾರೆ. ಆದರೆ ಹೋಲಿಕೆ ಎಲೆಗಷ್ಟೇ ಸೀಮಿತ. ಹರಳು ಬಯಲು ಬಿಸಿಲಿನ ಗಿಡವಾದರೆ, ಐವಿ ಬಳ್ಳಿಯ ಕುಟುಂಬಕ್ಕೆ ಸೇರಿದ ಇದು ಜಪಾನ್ ಮತ್ತು ದಕ್ಷಿಣ ಕೊರಿಯಾದ ಕಾಡುಗಳಲ್ಲಿ ಮರಗಳ ನೆರಳಿನಲ್ಲಿ ಬೆಳೆಯುವಂಥದ್ದು. ಜಪಾನೀಯರು ಇದಕ್ಕೆ ಯಾತ್ಸುದೆ, ಅಂದರೆ ಎಂಟು ಕೈ, ಎನ್ನುತ್ತಾರೆ. ಎಣಿಸಿ ನೋಡಿದರೆ ಸಾಮಾನ್ಯವಾಗಿ ಸಿಗುವುದು ಏಳೋ ಒಂಬತ್ತೋ ಬೆರಳು.

ನೆಡಲು ವಸಂತಕಾಲ ಸೂಕ್ತ. ಗಿಡವು 2–3 ಮೀಟರ್ ಎತ್ತರಕ್ಕೂ ಅಷ್ಟೇ ಅಗಲಕ್ಕೂ ಹರಡುವುದರಿಂದ ಓಡಾಡುವ ದಾರಿಯಿಂದ ದೂರವಿಡಬೇಕು. ಬೇರುಗಡ್ಡೆಯ ಎರಡರಷ್ಟು ಅಗಲದ ಗುಂಡಿ ತೋಡಿ, ಮಣ್ಣಿಗೆ ಕಳಿತ ಎಲೆಗೊಬ್ಬರ ಬೆರೆಸಿ, ಕುಂಡದಲ್ಲಿದ್ದಷ್ಟೇ ಆಳಕ್ಕೆ ಕೂರಿಸಬೇಕು. ನೀರು ನಿಲ್ಲುವ ಜಾಗ ಬೇಡ. ದೊಡ್ಡ ಮರದಡಿ ನೆಟ್ಟರೆ ನೀರನ್ನೆಲ್ಲ ಮರದ ಬೇರುಗಳೇ ಹೀರಿಕೊಳ್ಳುತ್ತವೆ. ಆದ್ದರಿಂದ ಮೊದಲ ಬೇಸಿಗೆಯಲ್ಲಿ ವಾರಕ್ಕೊಮ್ಮೆಯಾದರೂ ಬುಡ ನೆನೆಯುವಂತೆ ನೀರುಣಿಸಬೇಕು.

ಬೇಸಿಗೆಯ ಮಧ್ಯಾಹ್ನದ ನೇರ ಬಿಸಿಲಿಗೆ ಎಲೆ ಹಳದಿಗಟ್ಟಿ ಅಂಚು ಸುಡುತ್ತದೆ. ಬುಡದ ಒಂದೆರಡು ಹಳೆಯ ಎಲೆಗಳು ಹಳದಿಯಾಗಿ ಉದುರಿದರೆ ಚಿಂತಿಸಬೇಕಿಲ್ಲ, ಇಡೀ ಗಿಡವೇ ಪೇಲವವಾದರೆ ಮಾತ್ರ ಬೆಳಕನ್ನೂ ಬೇರಿನ ತೇವವನ್ನೂ ಪರೀಕ್ಷಿಸಬೇಕು.

ಹೊಸಬರನ್ನು ಹೆದರಿಸುವುದು ಹಿಮ ಬಿದ್ದ ಬೆಳಗು. ಹಿಂದಿನ ಸಂಜೆ ನೆಟ್ಟಗಿದ್ದ ಎಲೆಗಳೆಲ್ಲ ಬಿಸಿನೀರಿನಲ್ಲಿ ಅದ್ದಿದ ಸೊಪ್ಪಿನಂತೆ ಕಾಂಡಕ್ಕೆ ಅಂಟಿಕೊಂಡು ಜೋತಿರುತ್ತವೆ, ಗಿಡ ಸತ್ತೇಹೋಯಿತೆನಿಸುತ್ತದೆ. ಮುಟ್ಟದೆ ಬಿಡಿ. ಹಿಮ ಕರಗಿದ ಮೇಲೆ, ಬಹಳ ಸಲ ಮಧ್ಯಾಹ್ನದೊಳಗೇ, ತೊಟ್ಟುಗಳು ಒಂದೊಂದಾಗಿ ಮೇಲೇಳುತ್ತವೆ. ನಿಜವಾದ ಅಪಾಯ ಒಣ ಶೀತಗಾಳಿಯದು. ಗಾಳಿಯ ಮರೆಯಲ್ಲಿ ನೆಟ್ಟರೆ ಅರ್ಧ ಕಾಳಜಿ ತಪ್ಪಿದಂತೆ. ಎಲೆಗಳ ಮೇಲೆ ಕೂತ ಭಾರದ ಹಿಮವನ್ನು ಮಾತ್ರ ಮೆಲ್ಲಗೆ ಕೊಡವಬೇಕು, ಇಲ್ಲವಾದರೆ ರೆಂಬೆ ಮುರಿಯುತ್ತದೆ.

ಬುಡ ಬೋಳಾಗಿ ಗಿಡ ಉದ್ದಕ್ಕೆ ಬೆಳೆದುಬಿಟ್ಟಿದ್ದರೆ ಏಪ್ರಿಲ್ ಸುಮಾರಿಗೆ ಕಾಂಡವನ್ನು ಧೈರ್ಯವಾಗಿ ತಗ್ಗಿಸಿ ಕತ್ತರಿಸಬಹುದು. ಹಳೆಯ ಕಾಂಡದಲ್ಲೇ ಕಂದು ರೋಮ ಹೊದ್ದ ಚಿಗುರು ಒಡೆಯುತ್ತದೆ. ರಸ ತಾಗಿದರೆ ಕೆಲವರ ಚರ್ಮ ಕೆರೆಯುವುದರಿಂದ ಕೈಗವಸು ಹಾಕಿಕೊಳ್ಳಿ.

ಅಕ್ಟೋಬರ್, ನವೆಂಬರ್‌ನಲ್ಲಿ ಬಿಳಿ ಚೆಂಡುಗಳಂಥ ಹೂಗೊಂಚಲು ಬರುತ್ತದೆ. ಎಲೆಯ ಅಂದವಷ್ಟೇ ಬೇಕೆನ್ನುವವರು ಅದನ್ನು ಕತ್ತರಿಸಿಬಿಡುತ್ತಾರೆ. ಹಾಗೆ ಮಾಡಬೇಡಿರೆಂದು ನನ್ನ ಕೋರಿಕೆ: ತೋಟದಲ್ಲಿ ಬೇರೆ ಹೂವು ಅಪರೂಪವಾದ ಆ ದಿನಗಳಲ್ಲಿ ಜೇನ್ನೊಣಗಳು ಇದನ್ನು ಹುಡುಕಿಕೊಂಡು ಬರುತ್ತವೆ.